ಉಷಾರಾಣಿ ನೀರಿಗಿಳಿದ ದಿನ

ಉಷಾರಾಣಿಯ ಶಿವಗಣಾರಾಧನೆಯ ಕಾರ್ಡಿಗೆ ಯಾವ ಫೋಟೋ ಹಾಕಿಸಬೇಕು ಎಂದು ಕಂಪಲಾಪುರದ ಅವಳ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಮಗಳು ಭಾವನಾಳ ಮದುವೆಯಲ್ಲಿ ತೆಗೆಸಿದ್ದೊಂದು ಇತ್ತು. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ. ಎಲ್ಲರೂ ಅದನ್ನೇ ಹಾಕಿಸಿ ಎಂದರು. ಅವಳ ಗಂಡ ರೇಣುಕಾಪ್ರಸಾದ್ ಮಾತ್ರ ತಮ್ಮ ಫೋನಿನಲ್ಲಿದ್ದ ಇನ್ನೊಂದನ್ನು ಹಿಡಿದು ಕೂತಿದ್ದರು. ಅದರಲ್ಲಿ ಉಷಾ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಾಳೆ. ಕೂದಲು ಒದ್ದೆಯಾಗಿ ಕೆನ್ನೆಗೆ ಅಂಟಿದೆ, ಕುಂಕುಮ ಕರಗಿ ಮೂಗಿನ ಮೇಲೆ ಇಳಿದಿದೆ. ಬಾಯಿ ತೆರೆದು ನಗುತ್ತಿದ್ದಾಳೆ.

“ಮುತ್ತೈದೆಯಾಗಿ ಹೋಗಿರೋಳು ಕಣಪ್ಪ. ಕುಂಕುಮ ಅಳಿಸ್ಕೊಂಡಿರೋ ಫೋಟೋ ಹಾಕಿಸ್ತಾರಾ ಯಾರಾದ್ರೂ?” ಎಂದು ಅವರ ಅಕ್ಕ ಚಿಕ್ಕಬಸಮ್ಮ ಗದರಿದರು.

“ಅವಳು ಅಳಿಸ್ಕೊಂಡಿಲ್ಲ ಅಕ್ಕ, ಸಮುದ್ರ ಅಳಿಸಿದ್ದು” ಎಂದರು ರೇಣುಕಾಪ್ರಸಾದ್. ಅಷ್ಟು ಹೇಳಿ ಎದ್ದು ಹಿತ್ತಲಿಗೆ ಹೋದರು.

ಆ ಫೋಟೋ ತೆಗೆದ ದಿನದ ಸಂಗತಿ ನನಗೆ ಇಬ್ಬರ ಬಾಯಿಂದಲೂ ಗೊತ್ತು. ಉಷಾ ಹೇಳಿದ್ದು ಎಷ್ಟೋ ಸಲ. ಅವರು ಹೇಳಿದ್ದು ಈಗ, ಅವಳು ಹೋದ ಮೇಲೆ. ಅಮ್ಮನ ಬಗ್ಗೆ ಏನಾದರೂ ಬರೆದುಕೊಡಿ ಎಂದು ಭಾವನಾ ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಆ ದಿನವೇ.

ನಾನೂ ಉಷಾಳೂ ಹನಗೋಡಿನವರು, ಒಂದೇ ಬೀದಿ, ಒಂದೇ ತರಗತಿ. ಲಕ್ಷ್ಮಣತೀರ್ಥ ನಮ್ಮ ಮನೆಗಳ ಹಿಂದಿನ ಗದ್ದೆ ದಾಟಿದರೆ ಸಿಗುತ್ತಿತ್ತು. ಆಗ ಈಜು ಕಲಿಯುವವರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದರು. ನಾನು ಕಡೆಯವರೆಗೂ ಅದನ್ನು ಬಿಚ್ಚಲಿಲ್ಲ, ಅವಳು ಒಂದು ದಿನವೂ ಕಟ್ಟಿಕೊಳ್ಳಲಿಲ್ಲ. ಬೇಸಿಗೆಯಲ್ಲಿ ನೀರು ತಿಳಿಯಾದಾಗ ಈ ದಡದಿಂದ ಆ ದಡಕ್ಕೆ ಹೋಗಿ, ಅಲ್ಲಿ ನಿಂತು, “ಬಾರೇ ರಾಧೂ, ಬುರುಡೆ ಬಿಟ್ಟು ಬಾರೇ” ಎಂದು ಕೂಗುತ್ತಿದ್ದಳು. ಗಂಡುಹುಡುಗರು ಅವಳ ಜೊತೆ ಪಂದ್ಯ ಕಟ್ಟುವುದನ್ನೇ ಬಿಟ್ಟಿದ್ದರು.

ನಾವು ಹೈಸ್ಕೂಲಿಗೆ ಸೇರಿದ ವರ್ಷ ಅವಳ ತಮ್ಮ ಗೌರೀಶ್ ಹೊಳೆಯಲ್ಲಿ ಮುಳುಗಿ ಹೋದ. ಉಷಾ ಆಗ ಶಾಲೆಯಲ್ಲಿದ್ದಳು. ಅಕ್ಕ ಈಜುವುದನ್ನು ದಡದಲ್ಲಿ ಕೂತು ನೋಡುತ್ತಿದ್ದ ಮಗು ಅದು. ಅವಳಿಲ್ಲದ ಹೊತ್ತಿನಲ್ಲಿ ತಾನೂ ಇಳಿದಿದ್ದ. ಅವಳ ತಾಯಿ ಪುಟ್ಟಮಲ್ಲಮ್ಮ ಯಾರನ್ನೂ ಬೈಯಲಿಲ್ಲ. ಮುಂದಿನ ಸೋಮವಾರ ಮಗಳನ್ನು ಬೆಟ್ಟದಪುರಕ್ಕೆ ಕರೆದುಕೊಂಡು ಹೋಗಿ, ಬೆಟ್ಟ ಹತ್ತಿಸಿ, ಮಲ್ಲಿಕಾರ್ಜುನನ ಎದುರು ಕೈಗೆ ಬಿಲ್ವಪತ್ರೆ ಕೊಟ್ಟು ಆಣೆ ಮಾಡಿಸಿದರು. ಹೊಳೆಗಾಗಲಿ, ಕೆರೆಗಾಗಲಿ, ಬಾವಿಗಾಗಲಿ, ಕಾಲುವೆಗಾಗಲಿ ಇನ್ನು ನಾನು ಇಳಿಯುವುದಿಲ್ಲ. ಉಷಾ ಹೇಳಿಕೊಟ್ಟಂತೆ ಹೇಳಿದಳು.

ಅವಳು ಆ ಮಾತು ಉಳಿಸಿಕೊಂಡ ರೀತಿ ಯಾರಿಗೂ ಕಾಣುವಂಥದ್ದಾಗಿರಲಿಲ್ಲ. ಮದುವೆಯಾಗಿ ಕಂಪಲಾಪುರಕ್ಕೆ ಹೋದಳು. ಗಂಡನದು ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ. ಹೊಗೆಸೊಪ್ಪಿನ ಕಾಲದಲ್ಲಿ ಅಂಗಡಿಯಲ್ಲಿ ತಾನೂ ಕೂತು, “ಅಷ್ಟು ಯೂರಿಯಾ ಯಾಕಣ್ಣಾ, ಎಲೆ ಕೊಬ್ಬಿ ಬ್ಯಾರನ್‌ನಲ್ಲಿ ಒಣಗಿಸೋವಾಗ ಕರ್ರಗಾಗ್ತದೆ” ಎಂದು ರೈತರಿಗೆ ಹೇಳಿ ಸ್ವಂತ ವ್ಯಾಪಾರವನ್ನೇ ಕೆಡಿಸುತ್ತಿದ್ದಳು. ನಂಜನಗೂಡಿಗೆ ಹೋದರೆ ಎಲ್ಲರೂ ಕಪಿಲೆಯಲ್ಲಿ ಮುಳುಗೇಳುವಾಗ ಇವಳು ಮೆಟ್ಟಿಲ ಮೇಲೆ ನಿಂತು ತಲೆಯ ಮೇಲೆ ಚೊಂಬಿನಲ್ಲಿ ನೀರು ಸುರಿದುಕೊಳ್ಳುವಳು. “ನಮ್ಮೋಳಿಗೆ ನೀರು ಕಂಡ್ರೆ ಎದರಿಕೆ” ಎಂದು ರೇಣುಕಾಪ್ರಸಾದ್ ನೆಂಟರ ಮುಂದೆ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅವಳ ಮನೆಗೆ ಹೋದಾಗೆಲ್ಲ ನಾನು ಒಂದನ್ನು ಗಮನಿಸುತ್ತಿದ್ದೆ. ಹಿತ್ತಲ ತೊಟ್ಟಿಯಿಂದ ನೀರು ತರಲು ಹೋದವಳು ಬಿಂದಿಗೆ ಬದಿಗಿಟ್ಟು, ಎರಡೂ ತೋಳನ್ನು ಮೊಣಕೈ ಮೇಲಿನವರೆಗೆ ನೀರಿನಲ್ಲಿ ಇಳಿಬಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತಿದ್ದಳು.

ಈ ಸಲದ ಬೇಸಿಗೆಯಲ್ಲಿ ಗೊಬ್ಬರದ ಕಂಪನಿಯವರು ಚೆನ್ನಾಗಿ ಮಾರಾಟ ಮಾಡಿದ ಡೀಲರುಗಳನ್ನು ಹೆಂಡತಿಯರ ಸಮೇತ ಹಡಗಿನ ಪ್ರವಾಸಕ್ಕೆ ಕರೆದುಕೊಂಡು ಹೋದರು. ಕೊಚ್ಚಿಯಲ್ಲಿ ಹಡಗು ಹತ್ತಿ ಲಕ್ಷದ್ವೀಪ. ಉಷಾ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಎಲ್ಲ ಕಟ್ಟಿಕೊಂಡಳು. ಅಲ್ಲಿ ಎಲ್ಲದಕ್ಕೂ ಮೀನು ಹಾಕಿರುತ್ತಾರೆ ಎಂದು ಯಾರೋ ಹೆದರಿಸಿದ್ದರು.

ಒಂದು ಬೆಳಿಗ್ಗೆ ಹಡಗನ್ನು ದೂರದಲ್ಲಿ ನಿಲ್ಲಿಸಿ, ಇವರನ್ನೆಲ್ಲ ಚಿಕ್ಕ ದೋಣಿಗಳಲ್ಲಿ ಒಂದು ದ್ವೀಪಕ್ಕೆ ಬಿಟ್ಟರು. ಸಂಜೆಗೆ ಮುಂಚೆ, ನೀರು ಇಳಿಯುವುದರೊಳಗೆ ವಾಪಸು ದೋಣಿ ಹತ್ತಬೇಕು. ದಡದ ಸುತ್ತ ಹವಳದ ದಿಬ್ಬ ಅಡ್ಡ ಇರುವುದರಿಂದ ಅಲ್ಲಿ ಅಲೆ ಇಲ್ಲ. ನೀರು ಕೆರೆಯ ಹಾಗೆ ಸುಮ್ಮನೆ ಇರುತ್ತದೆ, ತಳದ ಮರಳು ಕಾಣುತ್ತದೆ. ಉಳಿದ ಡೀಲರುಗಳ ಹೆಂಡತಿಯರು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ಕಿರುಚುತ್ತಾ ನೀರಿಗಿಳಿದಿದ್ದರು. ಉಷಾ ತೆಂಗಿನ ಮರದ ಬುಡದಲ್ಲಿ, ನೀರು ತಾಕದಷ್ಟು ದೂರದಲ್ಲಿ ಕೂತಿದ್ದಳು.

“ಬಾರೇ, ಮೊಣಕಾಲುದ್ದ ನೀರು ಕಣೆ. ಎದರ್ಕೋಬೇಡ, ನಾನು ಹಿಡ್ಕೋತೀನಿ” ಎಂದರು ಗಂಡ.

“ನಿಮ್ಗೆ ಈಜೋಕೆ ಬರ್ತದಾ?”

“ಇಲ್ಲ.”

“ನಂಗೆ ಬರ್ತದೆ.”

ಅವರು ನಕ್ಕರು. ಅವಳು ನಗದಿದ್ದಾಗ ಪಕ್ಕದಲ್ಲಿ ಕೂತರು. ಅಷ್ಟು ವರ್ಷಗಳ ಸಂಸಾರದಲ್ಲಿ ಮೊದಲ ಸಲ ಅವಳು ಆಣೆಯ ವಿಷಯ ಹೇಳಿದಳು.

“ಇಷ್ಟು ದಿನ ಯಾಕೆ ಹೇಳ್ಳಿಲ್ಲ?”

“ಹೆದರ್ತಾಳೆ ಅಂತ ನೀವೇ ಊರಿಗೆಲ್ಲ ಹೇಳ್ಕೊಂಡು ಬಂದ್ರಿ. ಅದೂ ಒಳ್ಳೇದೇ ಆಯ್ತು, ಯಾರೂ ಇಳಿ ಅನ್ನಲಿಲ್ಲ. ಇವತ್ತು ಮಾತ್ರ ಆಗ್ತಿಲ್ಲ ಕಣ್ರೀ. ಈ ನೀರು ನೋಡ್ಕೊಂಡು ಹಿಂಗೇ ಎದ್ದು ಹೋದ್ರೆ, ಸಾಯೋವರೆಗೂ ಈ ಮರದ ಬುಡದಲ್ಲೇ ಕೂತಿರ್ತೀನೇನೋ ಅನ್ನಿಸ್ತದೆ.”

ರೇಣುಕಾಪ್ರಸಾದ್ ವ್ಯಾಪಾರಸ್ಥರು. ಯೋಚಿಸಿ ಒಂದು ದಾರಿ ಹುಡುಕಿದರು. “ಹೊಳೆ, ಕೆರೆ, ಬಾವಿ, ಕಾಲುವೆ. ಇಷ್ಟೇ ತಾನೇ? ಸಮುದ್ರ ಎಲ್ಲಿ ಬಂತು ಇದ್ರಲ್ಲಿ?”

“ನಮ್ಮವ್ವ ಸಮುದ್ರ ನೋಡಿಲ್ಲ, ಅದಕ್ಕೇ ಅನ್ನಲಿಲ್ಲ. ನೋಡಿದ್ರೆ ಮೊದ್ಲು ಅದನ್ನೇ ಅಂದಿರೋಳು.”

“ಅಂಗಾದ್ರೆ ಅವರನ್ನೇ ಕೇಳು.”

ಅವರ ಫೋನುಗಳಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ದೋಣಿಯವನ ಹತ್ತಿರ ಇತ್ತು. ನಮ್ಮ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವ ಕೇರಳದವರಿಂದ ರೇಣುಕಾಪ್ರಸಾದ್ ಮಲಯಾಳ ಕಲಿತಿದ್ದರು. ಆ ಮಲಯಾಳದಲ್ಲಿ ಪೊಟ್ಯಾಷ್, ಮಳೆ, ನಾಳೆ, ಸಾಲ ಇಲ್ಲ ಎಂಬುದು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅದರಲ್ಲೇ ಏನೋ ಹೇಳಿದರು. ದೋಣಿಯವನು ಬಿದ್ದು ಬಿದ್ದು ನಕ್ಕು ಫೋನ್ ಕೊಟ್ಟ.

“ಯಾರದು?” ಹನಗೋಡಿನಿಂದ ಪುಟ್ಟಮಲ್ಲಮ್ಮನ ದನಿ.

“ನಾನು ಕಣವ್ವ. ಸಮುದ್ರದ ದಡದಲ್ಲಿ ಇದೀನಿ.”

“ಊಟ ಆಯ್ತಾ?”

“ಆಯ್ತು. ಅವ್ವ, ಬೆಟ್ಟದಲ್ಲಿ ನಂಗೆ ಆಣೆ ಹಾಕಿಸಿದ್ದಲ್ಲ, ಗ್ಯಾಪಕ ಅದಾ?”

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು.

“ಅವ್ವ?”

“ಅದೆ.”

“ಅದನ್ನ ಬಿಡಿಸ್ತೀಯಾ ಅಂತ ಕೇಳೋಕೆ ಮಾಡ್ದೆ. ಇವತ್ತು ಒಂದಿನಕ್ಕೆ.”

“ಅದ್ನ ಯಾವಾಗ್ಲೋ ಬುಡ್ಸಾಯ್ತು ಕಣವ್ವ.”

“ಏನು?”

“ನಿನ್ ಮದ್ವೆ ಲಗ್ನಪತ್ರಿಕೆ ದೇವ್ರ ಮುಂದೆ ಇಡೋಕೆ ಬೆಟ್ಟ ಅತ್ತಿದ್ನಲ್ಲ, ಅವತ್ತೇ ತಪ್ಪುಕಾಣಿಕೆ ಆಕಿ ಬುಡ್ಸಿಬುಟ್ಟೆ. ಇನ್ನೊಬ್ರ ಮನೆಗೆ ಆಣೆ ಒತ್ಕೊಂಡು ಓಗೋದು ಬ್ಯಾಡ ಅಂತ.”

“ಮತ್ತೆ ನಂಗ್ಯಾಕೆ ಹೇಳ್ಳಿಲ್ಲ?”

“ಏಳಿದ್ರೆ ನೀರಿಗೆ ಇಳೀತಿದ್ದೆ.”

ಉಷಾ ಫೋನ್ ವಾಪಸು ಕೊಟ್ಟು ಮರಳಿನಲ್ಲಿ ಕೂತುಬಿಟ್ಟಳು. ಆ ಗಳಿಗೆಯಲ್ಲಿ ಅವ್ವ ಎದುರಿಗೆ ಸಿಕ್ಕಿದ್ದರೆ ಏನಂದುಬಿಡುತ್ತಿದ್ದೆನೋ ಗೊತ್ತಿಲ್ಲ ಎಂದು ನನ್ನ ಹತ್ತಿರ ಹೇಳಿದ್ದಳು. ಕೃಷ್ಣರಾಜನಗರದ ನಾದಿನಿಯ ಮನೆ ಪಕ್ಕದ ಕಾಲುವೆ, ಕಪಿಲೆ, ಕಾವೇರಿ, ಮಗಳಿಗೆ ತಾನೇ ಕಲಿಸಬಹುದಾಗಿದ್ದ ಈಜು, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವಂತೆ. ಇನ್ನು ಇವಳು ಇಳಿಯುವುದಿಲ್ಲ ಎಂದುಕೊಂಡರು ಗಂಡ. ಅಷ್ಟರಲ್ಲಿ ಅವಳು ಎದ್ದು, ಬಳೆ ಬಿಚ್ಚಿ ಅವರ ಕೈಗೆ ಕೊಟ್ಟು, ಸೀರೆಯನ್ನು ಕಚ್ಚೆ ಕಟ್ಟಿದಳು.

ಈಗ ಹೆದರುವ ಸರದಿ ಅವರದಾಯಿತು. “ಆ ಜಾಕೆಟ್ಟಾದ್ರೂ ಹಾಕ್ಕೊಳ್ಳೇ.”

“ಸೋರೆಬುರುಡೆ ರಾಧೂಗೆ ಕೊಡಿ” ಎಂದು ಹೇಳಿ ನೀರಿಗೆ ನಡೆದಳು. ಆ ಮಾತು ಅವರಿಗೆ ಅರ್ಥವಾಗಿರಲಿಲ್ಲ. ಮೊನ್ನೆ ನಾನು ಹೇಳಿದೆ.

ಮೊದಲ ನಾಲ್ಕು ಕೈ ಹಾಕುವಷ್ಟರಲ್ಲಿ ಉಪ್ಪುನೀರು ಕುಡಿದು ಕೆಮ್ಮಿದಳಂತೆ. ಡೀಲರುಗಳಲ್ಲೊಬ್ಬ, “ಏನ್ ಪ್ರಸಾದಣ್ಣ, ನಿಮ್ಮ ಮನೆಯವ್ರು ನೀರಿಗೆ ಎದರ್ತಾರೆ ಅಂತಿದ್ರಿ!” ಎಂದು ಕೂಗಿದ. ಕೆಮ್ಮು ನಿಂತ ಮೇಲೆ ಅವಳು ಮುಖ ನೀರಿಗಿಟ್ಟಳು. ಆಮೇಲೆ ಒಂದೇ ಸಮ. ಲಂಗರು ಹಾಕಿದ್ದ ದೋಣಿಯೊಂದರವರೆಗೆ ಹೋಗಿ ಅದರ ಹಗ್ಗ ಹಿಡಿದು ನಿಂತಳು. “ಹೊಳೆ ಹಂಗಲ್ಲ ಕಣೇ ರಾಧೂ” ಎಂದು ನನಗೆ ವರ್ಣಿಸಿದ್ದಳು, “ಹೊಳೇಲಿ ನಾವೇ ಬೀಳದಂಗೆ ನೋಡ್ಕೋಬೇಕು. ಸಮುದ್ರ ಅದೇ ಎತ್ಕೊಳ್ತದೆ. ಅಲ್ಲಿ ಆ ಹಗ್ಗ ಹಿಡ್ಕೊಂಡು ಗೌರೀಶನ್ನ ನೆನೆಸ್ಕೊಂಡೆ. ಅಳ್ತಿದ್ದೆನೋ ಏನೋ, ಎಲ್ಲಾ ಉಪ್ಪುನೀರೇ, ಗೊತ್ತಾಗಲಿಲ್ಲ.”

ಇತ್ತ ರೇಣುಕಾಪ್ರಸಾದ್ ಪ್ಯಾಂಟ್ ಮಡಚದೆ ನೀರಿಗಿಳಿದು, ಬಳೆ, ಫೋನು ಮೇಲೆತ್ತಿ ಹಿಡಿದುಕೊಂಡು ಎದೆಯುದ್ದದವರೆಗೆ ಹೋಗಿಬಿಟ್ಟಿದ್ದರು. “ಅಲ್ಲಿಂದ ಅವಳ ತಲೆ ಒಂದೇ ಕಾಣ್ತಿತ್ತು ರಾಧಮ್ಮ, ತೆಂಗಿನಕಾಯಿ ತೇಲಿದಂಗೆ. ಈ ಹೆಂಗಸು ನಂಗೆ ಗೊತ್ತೇ ಇಲ್ವಲ್ಲ ಅನ್ನಿಸ್ತು. ತಿರುಗಿ ಬರ್ತಾಳೋ ಇಲ್ವೋ ಅಂತ್ಲೂ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಳಿ.”

ಅವಳು ತಿರುಗಿ ಬಂದಳು. ಕಾಲು ಮರಳಿಗೆ ತಾಕಿದ ಕೂಡಲೇ ಎದ್ದು ನಿಂತು, ಇವರ ಒದ್ದೆ ಪ್ಯಾಂಟ್ ನೋಡಿ ನಕ್ಕಳು. ಆಗ ತೆಗೆದದ್ದು ಆ ಫೋಟೋ.

ವಾಪಸು ಬಂದ ಮೇಲೆ ಹನಗೋಡಿಗೆ ಹೋಗಿದ್ದಳು. ಜಗಳವಾಡಬೇಕೆಂದು ಹೋದವಳು ತಾಯಿಗೆ ತಲೆ ಬಾಚಿ ಬಂದಳು. ಸಮುದ್ರಕ್ಕೆ ಇಳಿದದ್ದನ್ನು ಅವಳು ಹೇಳಲಿಲ್ಲ, ಅವರು ಕೇಳಲಿಲ್ಲ. ಅಂದು ಸಂಜೆ ನಾವಿಬ್ಬರೂ ಹೊಳೆ ದಂಡೆಗೆ ಹೋದೆವು. ಮಳೆ ಕಳೆದು ನೀರು ತಿಳಿಯಾಗಲಿ, ದಸರಾ ಆದ ಮೇಲೆ ಇಬ್ಬರೂ ಇಳಿಯೋಣ, ನೀನು ಬುರುಡೆ ತಗೊಂಡೇ ಬಾ ಎಂದಿದ್ದಳು. ಶ್ರಾವಣದಲ್ಲಿ, ಅಂಗಡಿಯಿಂದ ಬಂದು ಕಾಫಿಗೆ ನೀರಿಟ್ಟವಳು ಅಡುಗೆಮನೆಯಲ್ಲೇ ಬಿದ್ದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಅವಳಿಗೆ ಎಚ್ಚರವಾಗಲಿಲ್ಲ. ಹೊಳೆ ಆಗ ದಡ ಮುಟ್ಟಿ ಹರಿಯುತ್ತಿತ್ತು.

ಕಾರ್ಡಿನ ಜಗಳ ನಡೆಯುವಾಗ ಪುಟ್ಟಮಲ್ಲಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ರೇಣುಕಾಪ್ರಸಾದ್ ಹಿತ್ತಲಿನಿಂದ ಮುಖ ತೊಳೆದು ಬಂದಾಗ ಕೈ ಚಾಚಿದರು.

“ಅದ್ನ ಕೊಡಿ ಇಲ್ಲಿ ಅಳಿಯಂದ್ರೇ.”

ಫೋನನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದರು. ಹೆಬ್ಬೆರಳು ತಾಕಿ ಫೋಟೋ ಸರಿದುಹೋಯಿತು. ಭಾವನಾ ಮತ್ತೆ ತೆಗೆದು ಕೊಟ್ಟಳು.

“ಅವತ್ತಿಂದಾ ಇದು?”

“ಊಂ ಅತ್ತೆ.”

“ಅವಳು ನೀರಿಗೆ ಓಗೋಕ್ ಮುಂಚೆ ತೆಗ್ದಿದ್ದಾ, ಬಂದ್ಮೇಲಾ?”

“ಬಂದ್ಮೇಲೆ ಅತ್ತೆ. ಆ ದೋಣಿಗಂಟ ಹೋಗಿ ವಾಪಸ್ ಬಂದ್ಮೇಲೆ.”

ಪುಟ್ಟಮಲ್ಲಮ್ಮ ಸೆರಗಿನಿಂದ ಫೋನಿನ ಗಾಜು ಒರೆಸಿದರು. ಇನ್ನೊಂದು ಸಲ ನೋಡಿದರು.

“ಅಂಗಾದ್ರೆ ಇದನ್ನೇ ಆಕ್ಸಿ” ಎಂದರು.