ಅಕ್ಕನ ಎಕ್ಕದ ಗಿಡ

ನಾನು ಚಿಕ್ಕವನಿದ್ದಾಗ, ಮುಂದಿನ ಎರಡು ಹಲ್ಲು ಬಿದ್ದು ಅರ್ಧ ಮಾತು ಗಾಳಿಯಾಗಿ ಹೋಗುತ್ತಿದ್ದ ವಯಸ್ಸಿನಲ್ಲಿ, ಅಕ್ಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕಾರಣ ಒಂದು ಎಕ್ಕದ ಗಿಡ.

ಆಗ ನಾವು ಕುವೈತಿನ ರುಮೈಥಿಯಾದಲ್ಲಿ, ದೊಡ್ಡ ಮನೆಯೊಂದರ ತಾರಸಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ಶುಐಬಾದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಆ ದಾರಿಯ ಮರಳಿನಲ್ಲಿ ಸಿಕ್ಕ ಎಕ್ಕದ ಸಸಿಯೊಂದನ್ನು ಅವರು ತಂದು, ಹಳೆಯ ತುಪ್ಪದ ಡಬ್ಬಿಯಲ್ಲಿ ನೆಟ್ಟು, ಅಕ್ಕನಿಗೆ ಕೊಟ್ಟಿದ್ದರು. ಒಂದು ವರ್ಷದಲ್ಲಿ ಅದು ನನ್ನೆತ್ತರ ಬೆಳೆಯಿತು. ಚಳಿ ಮುಗಿಯುವ ಹೊತ್ತಿಗೆ ಕಿತ್ತಳೆ ಬಣ್ಣದ ಚಿಟ್ಟೆಯೊಂದು ಬಂದು ಅದರ ಎಲೆಗಳಲ್ಲಿ ಮೊಟ್ಟೆಯಿಟ್ಟಿತು. ಹನ್ನೊಂದು ಹುಳುಗಳಾದವು. ಮೈತುಂಬ ಬಿಳಿ, ಕಪ್ಪು, ಹಳದಿ ಪಟ್ಟೆ. ಬೆನ್ನ ಮೇಲೆ ಕಪ್ಪು ಕೊಂಬುಗಳು. ಕಿವಿಗೊಟ್ಟರೆ ಅವು ದಪ್ಪ ಎಲೆಯನ್ನು ಕರಕರ ಕಡಿಯುವ ಸದ್ದು ಕೇಳಿಸುತ್ತಿತ್ತು.

ಅಂದಿನಿಂದ ಮನೆಯಲ್ಲಿ ನನ್ನನ್ನು ಕೇಳುವವರೇ ಇಲ್ಲದಂತಾಯಿತು. ಅಪ್ಪ ಬಾಗಿಲಲ್ಲೇ ಬೂಟು ಬಿಚ್ಚುತ್ತ, "ಹುಳುಗಳು ಹೇಗುಂಟು ಮಗಾ?" ಎಂದು ಅಕ್ಕನನ್ನು ಕೇಳುತ್ತಿದ್ದರು. ಕೆಳಗಿನ ಮನೆಯ ಕುವೈತಿ ಅಜ್ಜಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು, "ಮಾಶಾಅಲ್ಲಾಹ್" ಎನ್ನುತ್ತ ಅಕ್ಕನ ಕೈತುಂಬ ಖರ್ಜೂರ ಕೊಟ್ಟಳು. ನನ್ನ ತಲೆ ಸವರಿದಳು, ಅಷ್ಟೆ. ನಾನು ಮುಟ್ಟಲು ಹೋದರೆ ಅಕ್ಕ, "ನಿಂಗೆ ಗೊತ್ತಾಗುದಿಲ್ಲ, ದೂರ ನಿಲ್ಲು" ಎನ್ನುತ್ತಿದ್ದಳು. ನಾನು ದೂರ ನಿಂತು ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಒಂದು ಶುಕ್ರವಾರ ಬೆಳಿಗ್ಗೆ ಅಮ್ಮ ಡ್ಯೂಟಿಗೆ ಹೋಗಿದ್ದಳು. ಅಪ್ಪ ಕೆಳಗೆ ಕಾರು ತೊಳೆಯುತ್ತಿದ್ದರು. ಅಕ್ಕ ಸ್ನಾನಕ್ಕೆ ಹೋದಳು. ನಾನು ಗಿಡದ ಮುಂದೆ ನಿಂತು ಒಂದು ಎಲೆ ಕಿತ್ತೆ. ಬಿಳಿ ಹಾಲು ಚಿಮ್ಮಿತು. ಆಮೇಲೆ ಕೈ ನಿಲ್ಲಲಿಲ್ಲ. ಹುಳುಗಳು ಕೂತಿದ್ದ ಐದಾರು ತೂತು ಎಲೆಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಕಿತ್ತು, ಅಮ್ಮ ಬಟ್ಟೆ ನೆನೆಸಿಟ್ಟಿದ್ದ ಸೋಪಿನ ಬಕೆಟ್ಟಿಗೆ ತುರುಕಿದೆ. ಯಾಕೋ ಅಳು ಬಂತು. ಅದೇ ಕೈಯಿಂದ ಕಣ್ಣೊರೆಸಿಕೊಂಡೆ. ಎಡಗಣ್ಣಿಗೆ ಕೆಂಡ ಬಿದ್ದಂತಾಯಿತು.

ನನ್ನ ಕಿರುಚಾಟ ಕೇಳಿ ಅಕ್ಕ ತಲೆಯ ನೊರೆಯೊಡನೆಯೇ ಓಡಿ ಬಂದಳು. ಬೋಳು ಗಿಡ ನೋಡಿದಳು, ನನ್ನ ಕೈ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. "ಕಣ್ಣಿಗೆ ಹಾಲು ಹೋಯ್ತಾ?" ಎಂದವಳೇ ನನ್ನನ್ನು ನಲ್ಲಿಗೆ ಎಳೆದೊಯ್ದು, ತಲೆ ಬಗ್ಗಿಸಿ ಹಿಡಿದು, ಒಂದೇ ಸಮನೆ ನೀರು ಹಾಕಿದಳು. "ಕಣ್ಣು ಬಿಡು ಮಾರಾಯ, ಬಿಡು" ಎನ್ನುತ್ತ ಅವಳೂ ಅಳುತ್ತಿದ್ದಳು.

ಅಪ್ಪ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಔಷಧಿ ಹಾಕಿ ಪಟ್ಟಿ ಕಟ್ಟಿ, ಕೂಡಲೇ ನೀರು ಹಾಕಿದ್ದರಿಂದ ಕಣ್ಣು ಉಳಿಯಿತು ಎಂದರು. ಮನೆಗೆ ಬಂದಾಗ ಎಲ್ಲರಿಗೂ ನನ್ನದೇ ಚಿಂತೆ. ಕೆಳಗಿನ ಅಜ್ಜಿ ಚಾಕಲೇಟಿನ ಡಬ್ಬಿಯನ್ನೇ ಕೊಟ್ಟಳು. ಅಕ್ಕ ಬೋಳು ಗಿಡದ ಪಕ್ಕ ಕುಳಿತು ಹುಳು ಎಣಿಸುತ್ತಿದ್ದಳು. ಅವುಗಳನ್ನು ಯಾರೂ ಕೇಳಲಿಲ್ಲ.

"ಮಾಡಿದ್ದು ಇವನು. ಚಾಕಲೇಟೂ ಇವನಿಗೇ!" ಎಂದಳು ಅಪ್ಪನಿಗೆ. ನಿನ್ನೆಯವರೆಗೆ ನನ್ನ ಮುಖ ಇದ್ದ ಹಾಗೆ ಇತ್ತು ಅವಳ ಮುಖ. ನನಗೆ ಖುಷಿಯಾಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಆದರೆ ಆಯಿತು.

ಅಪ್ಪ ನನ್ನನ್ನೇ ನೋಡಿದರು. "ಆ ವಿಚಾರ ಆಮೇಲೆ. ಹುಳು ಉಪವಾಸ ಸಾಯುದು ಬೇಡ. ಯಲ್ಲಾ, ಹೊರಡಿ."

ಎಕ್ಕ ಬಿಟ್ಟು ಬೇರೆ ಎಲೆಯನ್ನು ಅವು ತಿನ್ನುತ್ತಿರಲಿಲ್ಲ. ಶುಐಬಾದ ದಾರಿಯಲ್ಲಿ ಕಾರು ನಿಧಾನವಾಗಿ ಹೋಯಿತು. ಪಟ್ಟಿ ಕಟ್ಟಿದ ನನಗೆ ಮುಂದಿನ ಸೀಟು, ಅಕ್ಕನಿಗೆ ಹಿಂದಿನದು. ಹಿಂದೆ ಸಸಿ ಸಿಕ್ಕಿದ್ದಲ್ಲಿ ಪೈಪು ಹಾಕಲು ನೆಲ ಅಗೆದಿದ್ದರು. ಎಲ್ಲಿ ನೋಡಿದರೂ ಮರಳು, ಬೇಲಿ, ದೂರದ ಚಿಮಣಿಗಳ ತುದಿಯಲ್ಲಿ ಬೆಂಕಿ. "ಖಲಾಸ್, ಇನ್ನು ಕತ್ತಲಾಗ್ತದೆ" ಎಂದು ಅಪ್ಪ ಕಾರು ತಿರುಗಿಸಿದರು. ಆಗ ನನ್ನ ಒಂಟಿ ಕಣ್ಣಿಗೆ ಬೇಲಿಯ ಬುಡದಲ್ಲಿ ಎಕ್ಕದ ಬೂದಿ ಮಿಶ್ರಿತ ಹಸಿರು ಕಂಡಿತು. ಬೇರೆ ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಅಕ್ಕನ ಹುಳುಗಳ ಕತೆ ಮುಗಿಯುತ್ತಿತ್ತು. ಕಾರು ಅದನ್ನು ದಾಟಿ ಮುಂದೆ ಹೋಗುವವರೆಗೂ ನಾನು ಸುಮ್ಮನೇ ಇದ್ದೆ. ಹಿಂದಿನ ಸೀಟಿನಲ್ಲಿ ಅಕ್ಕ ಮೂಗೊರೆಸಿಕೊಂಡ ಸದ್ದು ಕೇಳಿತು.

"ಅಪ್ಪಾ, ನಿಲ್ಲಿಸಿ!" ಎಂದು ಕೂಗಿದೆ.

ಅಪ್ಪ ಚೀಲ ತುಂಬ ಎಲೆ ಕಿತ್ತರು. ಮುಂದಿನ ದಿನಗಳಲ್ಲಿ ಕೆಲಸದಿಂದ ಬರುವಾಗ ದಿನವೂ ತಂದರು. ಒಂಬತ್ತು ಹುಳುಗಳು ಕೋಶ ಕಟ್ಟಿ, ಚಿಟ್ಟೆಗಳಾಗಿ ಹಾರಿದವು. ಎರಡು ಸತ್ತವು. ಅಕ್ಕ ನನಗೆ ಥ್ಯಾಂಕ್ಸ್ ಹೇಳಲಿಲ್ಲ, ಬೈಯಲೂ ಇಲ್ಲ. ಮೊದಲ ಚಿಟ್ಟೆ ಹೊರಬರುವ ಬೆಳಿಗ್ಗೆ ಮಾತ್ರ ಹೊದಿಕೆ ಎಳೆದು ನನ್ನನ್ನು ಎಬ್ಬಿಸಿದಳು.

ಈಗ ನಿಮ್ಮ ಕಾಲ ನೋಡಿ ಮಕ್ಕಳೇ. ಅಮೆರಿಕದ ಮೊನಾರ್ಕ್ ಚಿಟ್ಟೆಗಳ ವಿಡಿಯೋ ನೋಡಿ ನೀವು ಹಠ ಹಿಡಿದಿರಿ. ನಿಮ್ಮಪ್ಪ ಇದೇ ಕುವೈತಿನ ರಾಯ್ ಎಂಬ ಕಡೆಯ ನರ್ಸರಿಯಿಂದ ಎಕ್ಕದ ನೆಂಟನಾದ ಮಿಲ್ಕ್‌ವೀಡ್ ಗಿಡ ಎರಡು ತಂದ. ಜಗಳ ಬೇಡವೆಂದು ಇಬ್ಬರಿಗೂ ಒಂದೊಂದು ಕುಂಡ, ಹೆಸರಿನ ಚೀಟಿ ಸಮೇತ. ಮೊನಾರ್ಕ್ ಈ ಊರಿಗೆ ಬರುವುದಿಲ್ಲ. ಅದರ ದಾಯಾದಿಯಾದ ನಮ್ಮ ಕಿತ್ತಳೆ ಚಿಟ್ಟೆ ಏಳನೆಯ ಮಹಡಿಯ ಬಾಲ್ಕನಿಗೂ ಹುಡುಕಿಕೊಂಡು ಬಂತು. ಆದರೆ ಮೊಟ್ಟೆಯಿಟ್ಟದ್ದು ಒಂದೇ ಕುಂಡದಲ್ಲಿ.

ನಿನ್ನೆ ಸಂಜೆ ನಿಮ್ಮಲ್ಲೊಬ್ಬರು ಇನ್ನೊಂದು ಕುಂಡದ ಮುಂದೆ ಕುಳಿತು, "ಅಜ್ಜಾ, ನಾಟ್ ಫೇರ್!" ಎಂದರು. ಯಾರೆಂದು ಇಲ್ಲಿ ಬರೆಯುವುದಿಲ್ಲ. ನಾನು ನೆಲಕ್ಕೆ ಕೈಯೂರಿ, ನಿಧಾನವಾಗಿ, ಪಕ್ಕದಲ್ಲಿ ಕುಳಿತುಕೊಂಡೆ.