ಅಪ್ಪನ ಸೋಡಾ ಕಂಪನಿಯ ಮೊದಲ ಬಾಟಲಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಕಂಪನಿ ಇತ್ತು. ನಗಬೇಡಿ, ಖರೇ ಹೇಳುತ್ತಿದ್ದೇನೆ. ಹೊನ್ನಾವರದಲ್ಲಿ ಹೊಳೆ ದಾಟುವ ದಕ್ಕೆಯ ಹತ್ತಿರವೇ ನಮ್ಮ ಮನೆ. ಹಿತ್ತಿಲಲ್ಲಿ ತೆಂಗಿನ ಮಡಲು ಹೊದಿಸಿದ ಒಂದು ಮಾಡು. ಅದರ ಬಾಗಿಲ ಮೇಲೆ ಅಪ್ಪ ತಾನೇ ನೀಲಿ ಬಣ್ಣ ಕಲಸಿ ಬರೆದ ಹಲಗೆ, ‘ಸೋಡಾ ಕಂಪನಿ’ ಎಂದು. ಮಾಲಕ ಅಪ್ಪ. ಕೆಲಸಗಾರರು ಅಮ್ಮ ಮತ್ತು ಅಕ್ಕ. ಶಾಲೆಗೆ ರಜೆ ಇದ್ದಾಗ ನಾನೂ ಕೆಲಸಕ್ಕಿದ್ದೆ, ಆದರೆ ಅದನ್ನು ಅಕ್ಕ ಒಂದು ದಿನವೂ ಒಪ್ಪಲಿಲ್ಲ.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಭಟ್ಕಳದ ಕಡೆಯಿಂದ ಬಂದವರು ಆಚೆ ದಡದಲ್ಲಿ ಬಸ್ಸಿಳಿದು, ಲಾಂಚಿನಲ್ಲಿ ಹೊಳೆ ದಾಟಿ, ಈಚೆ ದಡದಲ್ಲಿ ಕುಮಟೆಯ ಬಸ್ಸು ಹತ್ತಬೇಕು. ಗಂಟುಮೂಟೆ, ಮಕ್ಕಳುಮರಿ, ಕೋಳಿಬುಟ್ಟಿ ಎಲ್ಲ ಇಟ್ಟುಕೊಂಡು ಜನ ಬಿಸಿಲಲ್ಲಿ ಕಾಯುತ್ತ ಕೂತಿರುತ್ತಿದ್ದರು. ಒಂದು ಕಡೆ ಒಣಮೀನಿನ ವಾಸನೆ, ಇನ್ನೊಂದು ಕಡೆ ಲಾಂಚಿನ ಎಣ್ಣೆಯ ವಾಸನೆ. ಅಂಥ ಜಾಗದಲ್ಲಿ ತಣ್ಣಗಿನ ಸೋಡಾ ಯಾರಿಗೆ ಬೇಡ?

ನಿಮಗೆ ಗೋಲಿ ಸೋಡಾ ಎಂದರೆ ಜಾತ್ರೆಯಲ್ಲಿ ನೋಡಿದ ಆಟಿಕೆಯ ಹಾಗೆ. ನಮಗೆ ಅದೇ ಅನ್ನ. ದಪ್ಪ ಹಸಿರು ಗಾಜಿನ ಬಾಟಲಿ, ಅದರ ಕುತ್ತಿಗೆಯೊಳಗೆ ಒಂದು ಗೋಲಿ. ಬಾಟಲಿಗೆ ನೀರು ತುಂಬಿ, ಮರದ ಚೌಕಟ್ಟಿನ ಯಂತ್ರದಲ್ಲಿ ಮಲಗಿಸಿ, ಗ್ಯಾಸು ಬಿಟ್ಟು, ಹಿಡಿಕೆ ಹಿಡಿದು ಗರಗರ ತಿರುಗಿಸಬೇಕು. ಒಳಗಿನ ಗ್ಯಾಸು ಗೋಲಿಯನ್ನು ಬಾಯಿಗೆ ಒತ್ತಿ ತಾನೇ ಬಿರಡೆ ಹಾಕಿಕೊಳ್ಳುತ್ತಿತ್ತು. ಕುಡಿಯುವಾಗ ಹೆಬ್ಬೆರಳಿನಿಂದ ಗೋಲಿ ಒತ್ತಿದರೆ ಕೀಂಯ್ ಎಂದು ಒಂದು ಕೂಗು! ಆ ಕೂಗು ಕೇಳಿದರೆ ಅಳುವ ಮಗುವೂ ಬಾಯಿ ಮುಚ್ಚಿಕೊಂಡು ನೋಡುತ್ತಿತ್ತು.

ಸೋಡಾಕ್ಕಿಂತ ಮೊದಲು ಅಪ್ಪ ಮುಂಬಯಿಯಲ್ಲಿ ಒಂದು ಚಹಾದ ಹೋಟೆಲಿನಲ್ಲಿದ್ದ. ವರ್ಷಕ್ಕೊಮ್ಮೆ ಬರುತ್ತಿದ್ದ. ಬಂದಾಗ ನಾನು ಗುರುತು ಹಿಡಿಯದೆ ಅಮ್ಮನ ಸೀರೆಯ ಹಿಂದೆ ಅಡಗುತ್ತಿದ್ದೆನಂತೆ. ಒಂದು ಸಲ ಹಾಗೆ ಅಡಗಿದ ನನ್ನನ್ನು ನೋಡಿ ಅಪ್ಪ ಊಟ ಬಿಟ್ಟು ಎದ್ದುಹೋದ ಎಂದು ಅಮ್ಮ ಹೇಳುತ್ತಿದ್ದಳು. ಆಮೇಲೆ ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬಂದವನು ತಿರುಗಿ ಹೋಗಲಿಲ್ಲ. ಹಳೆಯ ಯಂತ್ರವೊಂದನ್ನು ಕೊಂಡು ಕಂಪನಿ ತೆರೆದ. “ಒಂದು ವರ್ಷ ನೋಡ್ತೆ. ಆಗ್ಲಿಲ್ಲ ಅಂದ್ರೆ ಮತ್ತೆ ಮುಂಬಯಿ” ಎಂದು ಅಮ್ಮನಿಗೆ ಹೇಳಿದ್ದ. ಅದಕ್ಕೇ ಅವನ ಹಸಿರು ತಗಡಿನ ಟ್ರಂಕು ಪ್ಯಾಂಟು ಅಂಗಿ ತುಂಬಿಕೊಂಡು ಅಟ್ಟದ ಮೇಲೆ ಕೂತೇ ಇತ್ತು. ನನಗೆ ಆ ಟ್ರಂಕು ಕಂಡರೆ ಆಗುತ್ತಿರಲಿಲ್ಲ.

ಅಪ್ಪ ಮುಂಬಯಿಯಿಂದ ತಂದ ಆಸ್ತಿಯೆಂದರೆ ಅಭ್ಯಾಸಗಳು. ಕೋಳಿ ಕೂಗುವ ಮೊದಲೇ ಎದ್ದು ಸ್ನಾನ ಮಾಡಿ, ಬಿಳಿ ಬನೀನು ಹಾಕಿಕೊಂಡು ಮಾಡಿನ ಬಾಗಿಲು ತೆರೆಯುತ್ತಿದ್ದ. ಬಾಟಲಿ ತೊಳೆಯುವಾಗ ಮಾತಾಡುವ ಹಾಗಿಲ್ಲ, ಕಣ್ಣು ಗಾಜಿನ ಮೇಲೇ ಇರಬೇಕು. ಸಂಜೆ ಎಷ್ಟೇ ದಣಿದಿದ್ದರೂ ಯಂತ್ರಕ್ಕೆ ಎಣ್ಣೆ ಹಚ್ಚಿಯೇ ಊಟ. ಎಲ್ಲಕ್ಕಿಂತ ದೊಡ್ಡ ನಿಯಮ ಮೊದಲ ಬಾಟಲಿಯದು. ಅವನ ಹೋಟೆಲಿನ ಯಜಮಾನ ದಿನದ ಮೊದಲ ಚಹಾ ತಾನು ಕುಡಿಯದೆ ಗಿರಾಕಿಗೆ ಕೊಡುತ್ತಿರಲಿಲ್ಲವಂತೆ. ಅಪ್ಪನೂ ಹಾಗೆಯೇ ದಿನದ ಮೊದಲ ಸೋಡಾವನ್ನು ತಾನೇ ಒಡೆದು, ಕಣ್ಣು ಮುಚ್ಚಿ ಕುಡಿದು, ದೊಡ್ಡದೊಂದು ತೇಗು ಬಿಟ್ಟು, “ಆತು, ಶುರು ಮಾಡಿ” ಎನ್ನುತ್ತಿದ್ದ. ಆ ತೇಗು ಬರುವ ತನಕ ಒಂದು ಬಾಟಲಿಯೂ ಮಾಡು ದಾಟುತ್ತಿರಲಿಲ್ಲ.

ಮೊದಮೊದಲು ದಕ್ಕೆಯ ಜನ “ಏ ಕಂಪನಿ, ಒಂದು ಸೋಡಾ ತಾ” ಎಂದು ತಮಾಷೆ ಮಾಡಿದರು. ತಮಾಷೆ ಮಾಡುತ್ತಲೇ ಕುಡಿದರು. ಚಳಿಗಾಲ ಕಳೆಯುವಷ್ಟರಲ್ಲಿ ಪೇಟೆಯ ಅಂಗಡಿಗಳಿಗೂ ನಮ್ಮ ಬಾಟಲಿ ಹೋಗತೊಡಗಿತು. ಭಟ್ಕಳದ ಜವಳಿ ವ್ಯಾಪಾರಿ ಸಾಹೇಬರೊಬ್ಬರು ವಾರಕ್ಕೊಮ್ಮೆ ಕುಮಟೆಗೆ ಹೋಗುವಾಗ ತಪ್ಪದೆ ಶುಂಠಿ ಸೋಡಾ ಕುಡಿಯುತ್ತಿದ್ದರು. ಅವರೇ ಮಗಳ ಮದುವೆಗೆ ಎಲ್ಲ ಸೋಡಾ ನಮ್ಮದೇ ಬೇಕೆಂದರು. ಮದುವೆಯಲ್ಲಿ ಚಲೋ ಎನಿಸಿದರೆ ಭಟ್ಕಳ ಪೇಟೆಗೇ ದಿನವೂ ಸೋಡಾ ಕಳಿಸುವ ವ್ಯವಸ್ಥೆ ಮಾಡಿಸಿಕೊಡುತ್ತೇನೆ ಎಂದೂ ಹೇಳಿದರು.

ಇಷ್ಟು ಆದಮೇಲೆ ನಾನು ಬೇಸಿಗೆ ರಜೆಗೆಂದು ಮಿರ್ಜಾನದ ಅಜ್ಜಿಮನೆಗೆ ಹೋದೆ. ಮಾವಿನಹಣ್ಣು, ಹಲಸಿನಹಣ್ಣು, ಗುಡ್ಡದ ಬುಡದ ಬಾವಿಯ ತಂಪು ನೀರು! ರಜೆ ಅರ್ಧ ಕಳೆದ ಮೇಲೆ, ಸಾಹೇಬರ ಮನೆಯ ಮದುವೆಯ ಹಿಂದಿನ ದಿನ, ಸೋದರಮಾವ ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಮನೆಗೆ ಕರೆತಂದ.

ಬೆಳಗಿನ ಬಿಸಿಲು ಏರುವ ಹೊತ್ತು. ಅಂಗಳದ ತುಂಬ ಮರದ ಪೆಟ್ಟಿಗೆಗಳು, ಪ್ರತಿಯೊಂದರಲ್ಲೂ ಸಾಲಾಗಿ ನಿಂತ ತುಂಬಿದ ಬಾಟಲಿಗಳು. ಅವೆಲ್ಲ ಲಾಂಚಿಗೆ ಹೊರಟಿದ್ದವು. ಇಷ್ಟಿದ್ದೂ ಅಮ್ಮನ ಮುಖ ಬಾಡಿತ್ತು. ಅಕ್ಕ ಗುಟ್ಟಾಗಿ ಹೇಳಿದಳು: ಎರಡು ವಾರದಿಂದ ದಕ್ಕೆಯಲ್ಲಿ ಸೋಡಾ ಖರ್ಚಾಗುತ್ತಿರಲಿಲ್ಲ. ಕುಡಿದವರೂ ಅರ್ಧಕ್ಕೇ ಬಾಟಲಿ ಇಟ್ಟು ಹೋಗುತ್ತಿದ್ದರು. “ಲಾಂಚು ಬಿಡ್ತದೆ ಅಂತ ಗಡಿಬಿಡಿಲಿ ಹೋಗ್ತ್ರು ಕಾಣ್ತದೆ” ಎಂದು ಅವಳ ಲೆಕ್ಕ. ನಿನ್ನೆ ಅಮ್ಮ ಸುಮ್ಮನೆ ಅಟ್ಟ ಹತ್ತಿ ಟ್ರಂಕಿನ ಧೂಳು ಒರೆಸಿದಳಂತೆ. ಹಾಗಾದರೆ ಅಪ್ಪ ಮತ್ತೆ ಮುಂಬಯಿಗೆ ಹೋಗುತ್ತಾನೆಯೇ?

ಅಪ್ಪನಿಗೆ ಮಾತ್ರ ನಮ್ಮನ್ನು ನೋಡಿ ಸಂಭ್ರಮವೋ ಸಂಭ್ರಮ. ನನ್ನ ತಲೆ ಸವರಿ, ಎರಡು ಶುಂಠಿ ಸೋಡಾ ಒಡೆದು ಒಂದನ್ನು ಮಾವನಿಗೆ, ಒಂದನ್ನು ನನಗೆ ಕೊಟ್ಟ. ಬಾಯಾರಿಕೆಯಲ್ಲಿ ನಾನು ಗಟಗಟ ಎಂದು ಬಾಯಿಗೆ ಹಾಕಿಕೊಂಡವಳು ಹಾಗೇ ಥೂ ಎಂದು ಅಂಗಳಕ್ಕೆ ಉಗಿದೆ.

“ಎಂತ ಆತೆ?” ಎಂದಳು ಅಮ್ಮ.

“ಉಪ್ಪು! ಗಂಜಿಗೆ ಹಾಕಿದಾಂಗೆ ಉಪ್ಪು ಹಾಕಿದ್ರಿ!”

ಅಕ್ಕನಿಗೆ ರೇಗಿಹೋಯಿತು. ನನ್ನ ಬಾಟಲಿ ಕಸಿದುಕೊಂಡು ಕುಡಿದು, “ಎಂತ ಉಪ್ಪೂ ಇಲ್ಲ. ಅಜ್ಜಿಮನೆಗೆ ಹೋಗಿ ಬಂದು ಮಹಾರಾಣಿ ಆಗ್ಯಾಳೆ” ಎಂದಳು. ಅಮ್ಮ ಕುಡಿದಳು, ಉಪ್ಪಿಲ್ಲ ಎಂದಳು. ಅಪ್ಪನೂ ಕುಡಿದ. ಬೆಳಿಗ್ಗೆಯೂ ಅವನೇ ರುಚಿ ನೋಡಿದ್ದನಲ್ಲ. “ನಂಗೆ ಸರೀನೇ ಕಾಣ್ತದೆ ಮಗಾ” ಎಂದ. ನನಗೆ ಅಳು ಬಂತು. ಇಡೀ ಮನೆ ಒಂದು ಕಡೆ, ನಾನೊಬ್ಬಳು ಒಂದು ಕಡೆ.

ಆಗ ಅಪ್ಪನ ಕಣ್ಣು ಮಾವನ ಕಡೆ ಹೊರಳಿತು. ಮಾವ ಜಗಲಿಯ ತುದಿಯಲ್ಲಿ ಕೂತು ಸೋಡಾವನ್ನು ಕಷಾಯ ಕುಡಿಯುವ ಹಾಗೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದ.

“ಹೆಂಗದೆ ಸೋಡಾ?” ಎಂದು ಕೇಳಿದ.

“ಚಲೋ ಅದೆ, ಚಲೋ ಅದೆ” ಎಂದ ಮಾವ ಅವಸರದಿಂದ.

“ಖರೇ ಹೇಳು ಮಾರಾಯ. ನಾಳೆ ಮದ್ವೆ ಮನೆಗೆ ಹೋಗೂದು ಅದು.”

ಮಾವ ನೆಲ ನೋಡಿದ. ಅಕ್ಕನ ಮನೆಗೆ ಬಂದ ತಮ್ಮ, ಭಾವ ಕೈಯಾರೆ ಕೊಟ್ಟದ್ದನ್ನು ಚಲೋ ಇಲ್ಲ ಎನ್ನುವುದುಂಟೆ? ನಮ್ಮ ಕಡೆ ಕಲ್ಲು ಕೊಟ್ಟರೂ ಮೆತ್ತಗಿದೆ ಎಂದು ತಿನ್ನುವವರು. ಕೊನೆಗೂ ಬಾಯಿಬಿಟ್ಟ: “ರಾಶಿ ಏನಲ್ಲ ಭಾವ... ಉಪ್ಪಿನ ರುಚಿ ಸ್ವಲ್ಪ ಅದೆ. ಹುಡುಗಿ ಹೇಳೂದು ಸುಳ್ಳಲ್ಲ.”

ಆಮೇಲೆ ಅಪ್ಪ ನಿಧಾನವಾಗಿ ನಮ್ಮ ಬಾವಿಯ ಹತ್ತಿರ ಹೋಗಿ ಒಳಗೆ ಇಣುಕಿದ. ಬೇಸಿಗೆಯಲ್ಲಿ ಹೊಳೆಯ ನೀರು ಇಳಿದಾಗ ಸಮುದ್ರದ ಉಬ್ಬರ ಮೇಲಕ್ಕೆ ಏರಿ ಬರುತ್ತದೆ. ದಂಡೆಯ ಬಾವಿಗಳಿಗೆ ಉಪ್ಪು ಸೇರುತ್ತದೆ. ಒಂದೇ ದಿನಕ್ಕಲ್ಲ, ದಿನವೂ ಒಂದಿಷ್ಟು, ಒಂದಿಷ್ಟು. ಅದೇ ನೀರನ್ನು ದಿನವೂ ಕುಡಿಯುವವರಿಗೆ ಅದು ಗೊತ್ತೇ ಆಗುವುದಿಲ್ಲ. ಅಪ್ಪ ತನ್ನ ನಿಯಮವನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಪಾಪ, ಅವನ ನಾಲಿಗೆಯೇ ಬಾವಿಯ ಪಕ್ಷ ಸೇರಿಬಿಟ್ಟಿತ್ತು. ಕಂಪನಿಗೆ ಅದು ಮೊದಲನೆಯ ಬೇಸಿಗೆ, ಗೊತ್ತಾಗುವುದಾದರೂ ಹೇಗೆ?

“ಎಲ್ಲ ಚೆಲ್ಲಿ” ಎಂದ ಅಪ್ಪ.

ಅಕ್ಕ ಜೋರಾಗಿ ಅತ್ತುಬಿಟ್ಟಳು. ಹಿಂದಿನ ದಿನವಿಡೀ ಹಿಡಿಕೆ ತಿರುಗಿಸಿ ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅಮ್ಮ, “ಮದ್ವೆ ಗದ್ದಲದಲ್ಲಿ ಯಾರು ನೋಡ್ತ್ರು, ಕಳಿಸಿಬಿಡುವ” ಎಂದಳು. ಅಪ್ಪ ಸಿಟ್ಟು ಮಾಡಲಿಲ್ಲ. “ಸಾಹೇಬ್ರೂ ಹೋದ ವಾರ ಅರ್ಧಕ್ಕೇ ಇಟ್ಟು ಹೋದ್ರು. ಒಂದು ಮಾತು ಹೇಳ್ಲಿಲ್ಲ ಅವ್ರು. ಅಂಥವ್ರ ಮಗಳ ಮದ್ವೆಗೆ ಇದನ್ನ ಕಳಿಸ್ಲಾ?” ಎಂದ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಕೀಂಯ್, ಕೀಂಯ್, ಕೀಂಯ್! ಒಂದರ ಹಿಂದೆ ಒಂದು ಗೋಲಿ ಒತ್ತಿ ತೆಂಗಿನ ಬುಡಕ್ಕೆ ಸುರಿದೆವು. ಹಿತ್ತಿಲೆಲ್ಲ ಶುಂಠಿಯ ಘಮ, ಕಾಲ ಕೆಳಗೆ ಚುರುಚುರು ನೊರೆ. ಅಷ್ಟು ದುಃಖದಲ್ಲೂ ನನಗೆ ಆ ಶಬ್ದ ಕೇಳಲು ಖುಷಿಯಾಗಿತ್ತು ಎಂದು ಈಗ ಹೇಳಿದರೆ ಅಕ್ಕ ಇನ್ನೂ ಬೈಯುತ್ತಾಳೆ.

ಸಿಹಿನೀರಿದ್ದದ್ದು ನಮ್ಮೂರಿನ ಗುಡ್ಡದ ಬುಡದಲ್ಲಿ, ಕೊಂಕಣಿ ಮಾತಾಡುವ ಒಬ್ಬ ಮುದುಕಿಯ ಬಾವಿಯಲ್ಲಿ. ನಾವು ಅವಳನ್ನು ಮಾಯಿ ಎನ್ನುತ್ತಿದ್ದೆವು. ಅಪ್ಪ ಸಂಕೋಚದಿಂದ ಕೇಳಿದ್ದಕ್ಕೆ ಮಾಯಿ, “ಬಾವಿ ಎಂತ ನಾ ತವರಿಂದ ತಂದದ್ದಾ? ಸೇದ್ಕೊಳ್ಳಿ” ಎಂದು ಹಗ್ಗವನ್ನೇ ಎತ್ತಿ ಕೊಟ್ಟಳು. ಮಾವ ಹೆಗಲ ಮೇಲೆ ಎರಡು ಕೊಡ ತೂಗಿಸಿದ ಅಡ್ಡೆ ಹೊತ್ತ. ಅಮ್ಮ, ಅಕ್ಕ ಕೊಡ ಹೊತ್ತರು. ನನ್ನ ಪಾಲಿಗೆ ಒಂದು ತಂಬಿಗೆ. ಪ್ರತಿ ಸಲ ನೀರು ಬಂದಾಗಲೂ ಅಪ್ಪ, “ಎಲ್ಲಿ, ನಮ್ಮ ನಾಲಿಗೆ ಎಲ್ಲಿ?” ಎಂದು ನನ್ನನ್ನು ಕರೆದು ರುಚಿ ನೋಡಿಸುತ್ತಿದ್ದ. ನಾನು ತಹಶೀಲ್ದಾರರ ಠೀವಿಯಲ್ಲಿ ತಲೆಯಾಡಿಸುತ್ತಿದ್ದೆ.

ಆದರೆ ಬಾಟಲಿಗಳನ್ನೆಲ್ಲ ಸಿಹಿನೀರಿನಲ್ಲಿ ಮುಳುಗಿಸಿ ತೊಳೆಯಲು ಅಗಲವಾದ ಪಾತ್ರೆ ಸಾಲಲಿಲ್ಲ. ಅಪ್ಪ ಸುತ್ತಲೂ ನೋಡಿದ. ಆಮೇಲೆ ಸರಸರ ಅಟ್ಟ ಹತ್ತಿದ. ಇಳಿದು ಬಂದಾಗ ಅವನ ತಲೆಯ ಮೇಲೆ ಆ ಹಸಿರು ಟ್ರಂಕು ಇತ್ತು. ಮುಚ್ಚಳ ತೆಗೆದು, ಮುಂಬಯಿಯ ಪ್ಯಾಂಟು ಅಂಗಿಗಳನ್ನು ಜಗಲಿಗೆ ಸುರಿದ. ಕೋಲಿಗೆ ಸುತ್ತಿ ಅಟ್ಟದ ಕಂಬಕ್ಕೆ ಸಿಕ್ಕಿಸಿಟ್ಟಿದ್ದ ಹಲಸಿನ ಮೇಣವನ್ನು ಬೆಂಕಿಗೆ ಹಿಡಿದು ಕರಗಿಸಿ, ಟ್ರಂಕಿನ ಸಂದುಗಳಿಗೆ ಮೆತ್ತಿ, ನೀರು ಸುರಿದ.

ಅಮ್ಮ ಕೊಡ ಹೊತ್ತುಕೊಂಡು ಬಂದವಳು ಬಾಗಿಲಲ್ಲೇ ನಿಂತಳು. “ಅದು ತುಕ್ಕು ಹಿಡೂದಿಲ್ವಾ?” ಎಂದಳು ಸಣ್ಣ ದನಿಯಲ್ಲಿ.

“ಹಿಡೀಲಿ” ಎಂದ ಅಪ್ಪ, ತಲೆ ಎತ್ತದೆ.

ಅಮ್ಮ ಕೊಡ ಇಳಿಸಿ, ಮುಖ ತಿರುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೂತು ಎಂಥ ಹುರುಪಿನಲ್ಲಿ ಬಾಟಲಿ ಉಜ್ಜಿದಳೆಂದರೆ, ಮಾವನಿಗೆ ಅವಳಿಗೆ ಬಾಟಲಿ ಎತ್ತಿಕೊಡುವುದೇ ಕೆಲಸವಾಯಿತು. ಅಪ್ಪ ಒಂದೇ ಸಮನೆ ಹಿಡಿಕೆ ತಿರುಗಿಸಿ ಬಾಟಲಿಗಳನ್ನೆಲ್ಲ ಮತ್ತೆ ತುಂಬಿದ. ಕತ್ತಲಾಗುವ ಮೊದಲು ಕೊನೆಯ ಲಾಂಚಿನಲ್ಲಿ ಪೆಟ್ಟಿಗೆಗಳು ಆಚೆ ದಡಕ್ಕೆ ಹೊರಟವು. ಜೊತೆಗೆ ಅಪ್ಪನೂ ಹೋದ. ನಾವು ದಕ್ಕೆಯಲ್ಲಿ ನಿಂತು ಕೈ ಬೀಸಿದೆವು. ಅಪ್ಪ ದೂರ ಹೋಗುವಾಗ ನನಗೆ ಅಳು ಬರದಿದ್ದದ್ದು ಅದೇ ಮೊದಲು.

ಮದುವೆ ಮುಗಿಸಿ ಅಪ್ಪ ಮಿಠಾಯಿಯ ಪೊಟ್ಟಣದೊಂದಿಗೆ ಬಂದ. ಸಾಹೇಬರಿಗೆ ನಡೆದದ್ದನ್ನೆಲ್ಲ ತಾನೇ ಹೇಳಿದ್ದನಂತೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, “ಅರೆ ಭಾಯಿ, ನನಗೆ ಗೊತ್ತಿತ್ತು. ನಿಮ್ಮ ಮನಸ್ಸಿಗೆ ನೋವಾದೀತು ಅಂತ ಹೇಳ್ಲಿಲ್ಲ” ಎಂದರಂತೆ. ಆಮೇಲೆ ಭಟ್ಕಳದ ಪೇಟೆಗೂ ನಮ್ಮ ಸೋಡಾ ಹೋಯಿತು. ನಿಧಾನಕ್ಕೆ ಕುಮಟೆಗೂ ಹೋಯಿತು. ಇನ್ನೊಂದು ಯಂತ್ರ ಬಂತು, ಕೈಗಾಡಿ ಬಂತು. ಮಾಯಿಯ ಬಾವಿಯ ನೀರಿಗೆ ಪ್ರತಿಯಾಗಿ ಮಾಯಿಗೆ ದಿನವೂ ಒಂದು ಲಿಂಬು ಸೋಡಾ ಹೋಗುತ್ತಿತ್ತು, ಅವಳು ಇರುವಷ್ಟು ಕಾಲ. ಟ್ರಂಕು ತುಕ್ಕು ಹಿಡಿದು ತಳ ಬಿಟ್ಟಾಗ ಅಮ್ಮ ಅದಕ್ಕೆ ಮಣ್ಣು ತುಂಬಿ ಅಬ್ಬಲಿಗೆ ಗಿಡ ನೆಟ್ಟಳು.

ಅಪ್ಪನ ಎಲ್ಲ ಅಭ್ಯಾಸಗಳೂ ಹಾಗೇ ಉಳಿದವು, ಒಂದನ್ನು ಬಿಟ್ಟು. ಮೊದಲ ಬಾಟಲಿಯನ್ನು ಅವನು ಮತ್ತೆಂದೂ ತಾನು ಕುಡಿಯಲಿಲ್ಲ. ಬೆಳಗಿನ ಮೊದಲ ಲಾಂಚಿನಿಂದ ಇಳಿದ ಪರ ಊರಿನವರಿಗೆ ಪುಕ್ಕಟೆ ಕೊಟ್ಟು, ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. “ಬಾಯಿ ಚಲೋ ಅದೆ ಅಂತದೆ. ಮುಖ ಸುಳ್ಳು ಹೇಳೂದಿಲ್ಲ” ಎನ್ನುತ್ತಿದ್ದ.

ಈಗ ಹೊಳೆಗೆ ಸೇತುವೆ ಇದೆ. ನೀವು ಕಾರಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತೀರಿ, ಕೆಳಗೆ ದಕ್ಕೆ ಇತ್ತೆಂಬುದೂ ಕಾಣುವುದಿಲ್ಲ. ನಿಮ್ಮ ನೀರಿನ ಬಾಟಲಿಯ ಮೇಲೆ ಅದರಲ್ಲಿ ಏನೇನು ಇದೆ ಎಂದು ಅಚ್ಚು ಹಾಕಿರುತ್ತಾರೆ. ನೀವೂ ರಜೆ ಬಂತೆಂದರೆ ಏನಾದರೊಂದು ಕಂಪನಿ ತೆರೆಯುತ್ತೀರಿ. ಹೋದ ವರ್ಷ ಕಾಗದದ ಚೀಲ, ಈ ವರ್ಷ ಕೋಕಂ ಶರಬತ್ತು. ಮೊದಲ ಲೋಟ ಹಿಡಿದು, “ಅಜ್ಜಿ, ರುಚಿ ನೋಡು” ಎಂದು ನನ್ನ ಹತ್ತಿರವೇ ಓಡಿ ಬರುತ್ತೀರಿ.

ಬನ್ನಿ, ನಾನು ಬೇಡ ಎನ್ನುವುದಿಲ್ಲ, ಪೂರ್ತಿ ಕುಡಿದು ಲೋಟ ನೆಕ್ಕುತ್ತೇನೆ. ಆದರೆ ಎರಡನೆಯ ಲೋಟವನ್ನು ಬೀದಿಯಲ್ಲಿ ಹೋಗುವ ಯಾರಿಗಾದರೂ ಕೊಟ್ಟು ಅವರ ಮುಖ ನೋಡಿ. ನನ್ನ ಮಾತನ್ನು ಮಾತ್ರ ನಂಬಬೇಡಿ. ನೀವು ಉಪ್ಪು ಹಾಕಿ ತಂದರೂ, ನನ್ನ ನಾಲಿಗೆಗೆ ಅದು ಸಿಹಿಯೇ.