ಆಷಾಢದಲ್ಲಿ ರಾಜಾಜಿನಗರಕ್ಕೆ ದೀಪ ಹಚ್ಚಲು ಹೋದ ನಮ್ಮತ್ತೆ

ರಾಜಾಜಿನಗರದ ಬಾಡಿಗೆ ಮನೆಯಲ್ಲಿ ಹಾಲುಕ್ಕಿಸಿದ ದಿನ ನಮ್ಮತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪಕ್ಕದವರು ಆನಂದಬಾಷ್ಪ ಅಂದುಕೊಂಡರು. ಅದು ಸೋತ ಸಿಟ್ಟು ಅಂತ ನನಗೆ ಮಾತ್ರ ಗೊತ್ತಿತ್ತು.

ಐವತ್ತರ ದಶಕದ ಮಾತು ಇದು. ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಕಾಟನ್‌ಪೇಟೆಯ ವಠಾರದಲ್ಲಿ ನಮ್ಮದು ಒಂದು ನಡುಮನೆ, ಒಂದು ಅಡುಗೆಮನೆ. ಅತ್ತೆ, ಮಾವ, ನಾದಿನಿ, ಯಜಮಾನರು, ನಾನು... ಹೊಸ ಗಂಡ ಹೆಂಡತಿ ಅಂತ ಅತ್ತೆ ದೊಡ್ಡ ಮನಸ್ಸು ಮಾಡಿ ನಡುಮನೆಗೆ ಅಡ್ಡಲಾಗಿ ಒಂದು ಹಳೇ ಸೀರೆ ಕಟ್ಟಿಕೊಟ್ಟಿದ್ದರು. ಆ ಕಡೆ ಮಾವ ಕೆಮ್ಮಿದರೆ ಈ ಕಡೆ ನಮ್ಮ ಮಾತು ನಿಲ್ಲುತ್ತಿತ್ತು.

ಗಂಡನ ಹತ್ತಿರ ಮನಸ್ಸು ಬಿಚ್ಚಿ ನಾಲ್ಕು ಮಾತಾಡಬೇಕು. ನನಗೆ ಆಗ ಇದ್ದದ್ದು ಅದೊಂದೇ ಆಸೆ. ಅದಕ್ಕೆ ಬಾಗಿಲಿರುವ ಒಂದು ಕೋಣೆ ಬೇಕಿತ್ತು.

ರಾಜಾಜಿನಗರ ಅಂತ ಹೊಸ ಬಡಾವಣೆ ಆಗ್ತಾ ಇದೆ, ಅಲ್ಲಿ ಬಾಡಿಗೆಗೆ ಮನೆ ಸಿಗುತ್ತೆ ಅಂತ ಕಿವಿಗೆ ಬಿದ್ದಿದ್ದೇ ತಡ, ಯಜಮಾನರ ತಲೆ ತಿನ್ನೋಕೆ ಶುರು ಮಾಡಿದೆ.

ಮನೆ ಸಿಕ್ಕೇಬಿಟ್ಟಿತು. ಎರಡು ಕೋಣೆ, ಹಿತ್ತಲು, ನಮ್ಮದೇ ನಲ್ಲಿ. ಹಿಂದಿನ ಕೋಣೆಯ ಕಿಟಕಿಯಾಚೆ ಒಂದು ಹೊಂಗೆ ಮರ. ನನ್ನ ಟ್ರಂಕು ಯಾವ ಮೂಲೆಯಲ್ಲಿಡಬೇಕು ಅಂತ ನೋಡಿದ ದಿನವೇ ಮನಸ್ಸಿನಲ್ಲಿ ಗುರುತು ಮಾಡಿಕೊಂಡೆ.

ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಅದೂ ಒಂದ್ ಊರೇನೇ? ಸಂಜೆ ಆದ್ರೆ ನರಿ ಊಳಿಡ್ತವಂತೆ! ನಿಮ್ಮಪ್ಪನ ಹೊಲದ ಹತ್ರಕ್ಕೇ ನನ್ ಮಗನ್ನ ಎಳ್ಕೊಂಡ್ ಹೋಗ್ಬೇಕು ಅಂತಿದೀಯ, ಅಲ್ವಾ?"

ನನ್ನ ತವರು ಹೇರೋಹಳ್ಳಿ. ಮಾಗಡಿ ರಸ್ತೆ ಹಿಡಿದು ಹೊರಟರೆ ರಾಜಾಜಿನಗರ ದಾಟಿ ಇನ್ನೂ ಆಚೆ. ಪೇಟೆಯಲ್ಲಿ ಹುಟ್ಟಿ ಬೆಳೆದ ಅತ್ತೆಗೆ ಬಿನ್ನಿಮಿಲ್ಲು ದಾಟಿದರೆ ಕಾಡು.

ಬಾಯಿಮಾತು ಸಾಲದೆ ಹೋದಾಗ ಪಂಚಾಂಗ ತೆಗೆದರು. ಮಂಗಳವಾರ ಬೇಡ, ಶನಿವಾರ ಬೇಡವೇ ಬೇಡ, ಶುಕ್ರವಾರ ಲಕ್ಷ್ಮಿ ಮನೆ ಬಿಟ್ಟು ಹೋಗ್ತಾಳೆ, ಇನ್ನುಳಿದ ದಿನ ನಾದಿನಿಯ ನಕ್ಷತ್ರಕ್ಕೆ ಕೂಡಿಬರಲ್ಲ... ಹೀಗೇ ತಳ್ಳುತ್ತಾ ತಳ್ಳುತ್ತಾ ಆಷಾಢ ಬಾಗಿಲಿಗೆ ಬಂತು. ಆಷಾಢದಲ್ಲಿ ಮನೆ ಬದಲಾಯಿಸುವುದು ಉಂಟೇ?

ಆಗ ಮಾವ ಬಾಯಿಬಿಟ್ಟರು. ಅವರು ಮಾತಾಡುವುದೇ ಅಪರೂಪ. ಜ್ಯೇಷ್ಠ ಮುಗಿಯುವುದರೊಳಗೆ ಹಾಲುಕ್ಕಿಸಿಬಿಡೋಣ, ಸಾಮಾನು ಶ್ರಾವಣಕ್ಕೆ ಸಾಗಿಸೋಣ ಅಂದರು.

ಅತ್ತೆ ತಕ್ಷಣ ಹೂಂ ಅಂದರು. ಶ್ರಾವಣದೊಳಗೆ ಇನ್ನೊಂದು ನೆಪ ಹುಟ್ಟಿಸಬಹುದಲ್ಲ!

ಆದರೆ ಒಂದು ವಿಷಯ ಮರೆತಿದ್ದರು. ಹಾಲುಕ್ಕಿಸಿದ ಮನೆಯನ್ನು ಕತ್ತಲಲ್ಲಿ ಬಿಡಬಾರದು, ಯಾರಾದರೂ ದಿನಾ ದೀಪ ಹಚ್ಚಿ ಅಲ್ಲೇ ಮಲಗಬೇಕು. ವಠಾರಕ್ಕೆಲ್ಲ ಈ ಶಾಸ್ತ್ರ ಹೇಳಿಕೊಟ್ಟವರೇ ನಮ್ಮತ್ತೆ.

ಹಾಲು ಉಕ್ಕಿ ಪಾಯಸವೂ ಆದಮೇಲೆ ಮಾವ ಮೆಲ್ಲಗೆ ಕೇಳಿದರು. "ಇಲ್ಲಿ ದೀಪ ಹಚ್ಚೋರ್ ಯಾರು ಕಣೇ?"

ನಾನು ನಾಲಿಗೆ ಕಚ್ಚಿಕೊಳ್ಳಬೇಕಿತ್ತು. "ನಾವಿಬ್ರು ಇರ್ತೀವಿ ಅತ್ತೆ" ಅಂದುಬಿಟ್ಟೆ.

"ಮದ್ವೆ ಆದ್ ಮೊದಲ್ನೇ ಆಷಾಢ! ಗಂಡ ಹೆಂಡ್ತಿ ಒಂದೇ ಸೂರಿನ್ ಕೆಳಗಾ? ನಾಚ್ಕೆ ಆಗಲ್ವೇನೇ ನಿಂಗೆ?"

ನಾದಿನಿ ಮುಸಿಮುಸಿ ನಕ್ಕಳು. ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಆಷಾಢಕ್ಕೆ ಸೊಸೆ ತವರಿಗೆ ಹೋಗಲೇಬೇಕು, ಅತ್ತೆಯೂ ಸೊಸೆಯೂ ಒಂದೇ ಹೊಸಲು ದಾಟುವಂತಿಲ್ಲ. ಯಜಮಾನರಿಗೆ ಆಫೀಸು ಪೇಟೆಯಲ್ಲಿ.

ಉಳಿದವರು ಯಾರು? ಕಾಡಿಗೆ ಕಾಲಿಡಲ್ಲ ಅಂದಿದ್ದ ಅತ್ತೆಯೇ ಮಾವನನ್ನೂ ಮಗಳನ್ನೂ ಕಟ್ಟಿಕೊಂಡು, ಒಂದು ಚಾಪೆ ಎರಡು ಪಾತ್ರೆ ಹಿಡಿದು ಹೊರಟರು. ತಾವೇ ಹೆಣೆದ ಬಲೆ. ನಾನು ಹೇರೋಹಳ್ಳಿಗೆ ಹೋದೆ.

ತವರಿನಲ್ಲಿ ಕೂತು ಒಂದೇ ಯೋಚನೆ. ಅತ್ತೆ ನರಿಗೆ ಹೆದರಿ ಓಡಿಬಂದು ಮನೆಯನ್ನೇ ಬಿಡಿಸಿಬಿಟ್ಟರೆ? ಮತ್ತೆ ಅದೇ ಸೀರೆ, ಅದೇ ಕೆಮ್ಮು...

ಶ್ರಾವಣ ಬಂತು. ಅಪ್ಪ ಗಾಡಿ ಕಟ್ಟಿ ನನ್ನನ್ನು ರಾಜಾಜಿನಗರಕ್ಕೆ ಕರೆದುಕೊಂಡು ಬಂದರು.

ಬಾಗಿಲ ಮುಂದೆ ಹೊಸ ತುಳಸಿ. ಹಿತ್ತಲಲ್ಲಿ ಹೀರೆ ಬಳ್ಳಿ. ಅತ್ತೆ ನಲ್ಲಿ ಪೂರ್ತಿ ತಿರುಗಿಸಿಕೊಂಡು, ಯಾರ ಜೊತೆಗೂ ಜಗಳವಿಲ್ಲದೆ, ಹಾಡು ಗುನುಗುತ್ತಾ ಪಾತ್ರೆ ತೊಳೆಯುತ್ತಾ ಇದ್ದಾರೆ! ವಠಾರದ ನಲ್ಲಿ ಸರದಿಯಲ್ಲಿ ಅವರು ಹಾಡಿದ್ದನ್ನು ನಾನಂತೂ ಕೇಳಿರಲಿಲ್ಲ.

ನಾನು ನೇರ ಹಿಂದಿನ ಕೋಣೆಗೆ ಹೋದೆ. ನನ್ನ ಟ್ರಂಕಿಗೆ ಅಂತ ಗುರುತು ಮಾಡಿದ್ದ ಮೂಲೆಯಲ್ಲಿ ಉಪ್ಪಿನಕಾಯಿ ಜಾಡಿಗಳು ಸಾಲಾಗಿ ಕೂತಿವೆ.

"ನೋಡಮ್ಮ" ಅಂದರು ಅತ್ತೆ, ಎಂದೂ ಇಲ್ಲದ ಅಕ್ಕರೆಯಿಂದ. "ಪೇಟೆ ಮನೆ ಬಿಡೋದ್ ಬೇಡ. ಅವ್ನಿಗೆ ಆಫೀಸು ಹತ್ರ. ನೀವಿಬ್ರು ಅಲ್ಲೇ ಇರಿ. ಎಲ್ರೂ ಇಲ್ಲಿಗೇ ಬಂದ್ರೆ ಇಕ್ಕಟ್ಟಾಗತ್ತೆ."

ಮನೆ ಹುಡುಕಿಸಿದವಳು ನಾನು, ಬೈಸಿಕೊಂಡವಳು ನಾನು. ಹೊಂಗೆ ಮರ ಜಾಡಿಗಳಿಗೆ!

ಸಂಜೆ ಕಾಟನ್‌ಪೇಟೆಗೆ ಬಂದರೆ ಯಜಮಾನರು ಸ್ಟವ್ ಮುಂದೆ ಕೂತು ಕಾಫಿ ಕಾಸುತ್ತಿದ್ದರು. ಇನ್ನು ಮೇಲೆ ನಾವಿಬ್ಬರೇ ಇಲ್ಲಿ ಅಂದೆ. ಅವರು ಬಾಗಿಲು ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ಎದ್ದು ಹೋಗಿ ಚಿಲಕ ಹಾಕಿ ಬಂದರು.

ನಾನು ಸ್ಟೂಲು ಹತ್ತಿ ನಡುಮನೆಗೆ ಅಡ್ಡ ಕಟ್ಟಿದ್ದ ಸೀರೆ ಬಿಚ್ಚಿ, ಮಡಿಸಿ ಟ್ರಂಕಿಗೆ ಹಾಕಿದೆ. ಅಷ್ಟು ಸಂತೋಷ ಆಮೇಲೆ ಯಾವ ಮನೆಯ ಗೃಹಪ್ರವೇಶದಲ್ಲೂ ನನಗೆ ಆಗಲಿಲ್ಲ.

ಈಗ ನಾವಿರುವುದು ಬಸವೇಶ್ವರನಗರದಲ್ಲಿ. ಹೊಸದಾಗಿ ಮದುವೆಯಾದ ಮೊಮ್ಮಗನ ಹೆಂಡತಿಗೆ ಇಲ್ಲಿ ಎಲ್ಲವೂ ಇಕ್ಕಟ್ಟು, ಹೇರೋಹಳ್ಳಿ ಕಡೆ ದೊಡ್ಡ ಮನೆ ನೋಡಿ ಬಂದಿದ್ದಾಳೆ. ಮೊನ್ನೆ ಅದನ್ನು ಹೇಳಿದಾಗ ನನ್ನ ಬಾಯಿಂದ ಬಂದ ಮಾತು: "ಅದೂ ಒಂದ್ ಊರೇನೇ? ರೋಡ್ ತುಂಬಾ ಗುಂಡಿ!"

ನನ್ನ ತವರನ್ನೇ ಅಂದೆ ನೋಡಿ. ಪಾಪ, ಹುಡುಗಿಯ ಮುಖ ಬಾಡಿಹೋಯಿತು. ಎಲ್ಲೋ ನೋಡಿದ ಮುಖ ಅನ್ನಿಸಿತು ನನಗೆ.

ಆಷಾಢ ಹತ್ತಿರ ಬರ್ತಾ ಇದೆ... ಆ ದೊಡ್ಡ ಮನೆಗೆ ದೀಪ ಹಚ್ಚೋಕೆ ಈ ಸಲ ನಾನೇ ಮೊದಲು ಹೋಗಿಬಿಡ್ಲಾ, ಏನಂತೀರಿ?